ಕೂದಲೆಳೆ ಮೇಸ್ತ್ರಿ ಮನೆ ಕೊಂಡದ್ದು

"ಮನೆ ವಿಷಯದಲ್ಲಿ ನನಗೆ ಟೋಪಿ ಹಾಕೋನು ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ರೂ ಅವನ ತೊಟ್ಟಿಲು ನಾನೇ ಮಾಡಿರ್ತೀನಿ!"

ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತು ಕೂದಲೆಳೆ ಮೇಸ್ತ್ರಿ ಹೀಗೆ ಘೋಷಿಸಿದಾಗ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಕುಳಿತ ಬೆಂಚು ಅವನು ಮಾಡಿದ್ದು, ಅಂಗಡಿಯ ಬಾಗಿಲು ಅವನು ಕೂಡಿಸಿದ್ದು. ಎದುರಾಡಿದರೆ ಎದ್ದು ಹೋಗುವಾಗ ಎರಡನ್ನೂ ಬಿಚ್ಚಿಕೊಂಡು ಹೋದಾನೆಂಬ ಭಯ.

ಅವನು ಬಡಗಿ. ಬಾಗಿಲು ಕಿಟಕಿಗಳಲ್ಲಿ ಎತ್ತಿದ ಕೈ. ಅಳತೆಪಟ್ಟಿ ಸರಿ ಎಂದರೂ ಅವನು ಒಪ್ಪುವವನಲ್ಲ. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಸೂಜಿಯ ಕಣ್ಣಿನಷ್ಟು ಮಾಡಿ, "ಒಂದು ಕೂದಲೆಳೆ ಎಡಕ್ಕೆ ಹೋಗಿದೆ" ಎಂದು ಮಾಡಿದ್ದನ್ನೆಲ್ಲ ಮತ್ತೆ ಬಿಚ್ಚುವನು. ಅದರಿಂದಲೇ ಆ ಹೆಸರು. ತಲೆಯ ಮೇಲೆ ಮಾತ್ರ ಒಂದೂ ಕೂದಲಿರಲಿಲ್ಲ. ಅಳತೆಗೆಂದು ಕಿತ್ತು ಕಿತ್ತು ಖರ್ಚಾಯಿತು ಎಂದು ಜನ ಆಡಿಕೊಳ್ಳುತ್ತಿದ್ದರು.

ಕೆಲಸ ಕಲಿಸಿದವನು ಸೋದರಮಾವ. ಆತನಿಗೆ ಗೊತ್ತಿದ್ದದ್ದು ಒಂದೇ ಪಾಠ: "ಒಂದು ಬೆರಳಲ್ಲಿ ಮುಚ್ಚಬೇಕು, ಮಲಗಿದ ಮಗು ಏಳಬಾರದು. ಅದು ಬಾಗಿಲು. ಮಿಕ್ಕಿದ್ದೆಲ್ಲ ಹಲಗೆ." ಈ ಪಾಠ ಅಳಿಯನ ಮೈಗೆ ಎಷ್ಟು ಹತ್ತಿತೆಂದರೆ, ಎಲ್ಲೋ ಒಂದು ಬಾಗಿಲು ಕಿರ್ರೆಂದರೆ ಅವನ ಕೈ ತಾನಾಗಿಯೇ ಜೇಬಿನ ಸ್ಕ್ರೂಡ್ರೈವರಿಗೆ ಹೋಗುತ್ತಿತ್ತು. ಮಗಳು ಹುಟ್ಟಿದ ದಿನ ಹೆಂಡತಿ ಒಳಗೆ ನೋವು ತಿನ್ನುತ್ತಿದ್ದರೆ ಇವನು ಹೊರಗೆ ಹೆರಿಗೆ ವಾರ್ಡಿನ ಬಾಗಿಲು ಬಿಗಿ ಮಾಡುತ್ತಿದ್ದ. ನರ್ಸ್ ಓಡಿ ಬಂದು "ಹೆಣ್ಣು ಮಗು" ಎಂದಾಗ, "ಸಂತೋಷ, ಸ್ವಲ್ಪ ಈ ಬಾಗಿಲು ಹಿಡ್ಕೊಳ್ಳಿ ಸಿಸ್ಟರ್" ಎಂದನಂತೆ. ಹೆಂಡತಿ ಇದನ್ನು ಇವತ್ತಿಗೂ ಕ್ಷಮಿಸಿಲ್ಲ.

ಮೂವತ್ತು ವರ್ಷದಲ್ಲಿ ಅವನು ಕೂಡಿಸಿದ ಬಾಗಿಲುಗಳನ್ನು ಸಾಲಾಗಿ ನಿಲ್ಲಿಸಿದ್ದರೆ ಸಮುದ್ರಕ್ಕೆ ಬೇಲಿ ಹಾಕಬಹುದಿತ್ತು. ಸ್ವಂತದ್ದೆನ್ನುವ ಒಂದು ಬಾಗಿಲು ಮಾತ್ರ ಇರಲಿಲ್ಲ. ಮದುವೆಯಾದಾಗಿನಿಂದ ಲೆಕ್ಕ ಹಾಕಿದರೆ ಈಗಿದ್ದದ್ದು ಏಳನೆಯ ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯಕೂಡದೆಂದು ಮಾಲೀಕನ ಕಟ್ಟಪ್ಪಣೆ. ಊರಿಗೆಲ್ಲ ಮೊಳೆ ಹೊಡೆದ ಕೈ ತನ್ನ ಮನೆಯ ಕ್ಯಾಲೆಂಡರನ್ನು ಫ್ರಿಜ್ಜಿನ ಹಿಡಿಗೆ ನೇತುಹಾಕುತ್ತಿತ್ತು. ಹಾಲು ತೆಗೆದಾಗಲೆಲ್ಲ ಇಡೀ ತಿಂಗಳು ಅಲ್ಲಾಡುತ್ತಿತ್ತು. ಕನ್ನಡಿ ಬೀರುವಿಗೆ ಒರಗಿ ನೆಲದ ಮೇಲೆ ನಿಂತಿತ್ತು. ಹೆಂಡತಿ ಅದರ ಮುಂದೆ ಮೊಣಕಾಲೂರಿ ತಲೆ ಬಾಚಿಕೊಂಡು ಕೆಲಸಕ್ಕೆ ಹೋಗುತ್ತಿದ್ದಳು. ಹೈಸ್ಕೂಲಿಗೆ ಹೋಗುವ ಮಗಳು ಪುಸ್ತಕಗಳ ಮೇಲೆ ಹೆಸರನ್ನು ಪೆನ್ನಿನಲ್ಲೂ ವಿಳಾಸವನ್ನು ಪೆನ್ಸಿಲಿನಲ್ಲೂ ಬರೆಯುತ್ತಿದ್ದಳು.

ಒಂದು ಬೆಳಗ್ಗೆ ಮಾಲೀಕ ಬಂದು, "ಆರು ತಿಂಗಳಲ್ಲಿ ಖಾಲಿ ಮಾಡ್ಬೇಕು ಮೇಸ್ತ್ರಿ. ಇದನ್ನ ಕೆಡವಿ ನಾಲ್ಕು ಮಹಡಿ ಎಬ್ಬಿಸ್ತೀನಿ. ನೀವೇನೂ ಬೇಜಾರು ಮಾಡ್ಕೋಬೇಡಿ, ಬಾಗಿಲು ಕೆಲಸ ನಿಮಗೇ ಕೊಡ್ತೀನಿ" ಎಂದ.

ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಅವಳು ಮಡಿಸಿದ ಹೊದಿಕೆಯ ಅಂಚಿನಲ್ಲಿ ತರಕಾರಿ ಹೆಚ್ಚಬಹುದಿತ್ತು. ಮಾತೂ ಹಾಗೆಯೇ. "ಎಂಟನೇ ಬಾಡಿಗೆ ಮನೆಗೆ ನಾನು ಬರಲ್ಲ ರೀ" ಎಂದಳು. "ಸಾಮಾನು ಕಟ್ಟಿ ಕಟ್ಟಿ ನನ್ನ ಕೈಯೇ ಹಗ್ಗ ಆಗಿದೆ. ಒಂದೇ ಕೋಣೆ ಆದ್ರೂ ಸರಿ, ನಮ್ಮದಾಗಲಿ."

ಹದಿನೇಳು ವರ್ಷ ಕೂಡಿಟ್ಟದ್ದು ಸ್ವಲ್ಪ, ಬ್ಯಾಂಕಿನವರು ಕೊಡುತ್ತೇವೆಂದದ್ದು ಸ್ವಲ್ಪ. ಎರಡನ್ನೂ ನೆಚ್ಚಿಕೊಂಡು ಗಂಡ ಹೆಂಡತಿ ಮನೆ ನೋಡಲು ಹೊರಟರು.

ಮನೆ ಕಟ್ಟಿ ನೋಡು ಎಂದ ಹಿರಿಯರು ಮನೆ ಕೊಂಡು ನೋಡು ಎನ್ನಲಿಲ್ಲ. ಆ ಊರಿನ ಬೆಲೆ ಕೇಳಿದ್ದರೆ ಗಾದೆಯನ್ನೇ ವಾಪಸ್ಸು ತೆಗೆದುಕೊಳ್ಳುತ್ತಿದ್ದರು. ಮೂರನೆಯ ಮಹಡಿಯಲ್ಲಿ ಬೆಲೆ ಕೇಳಿ, ಕೆಳಗಿಳಿದು ಯೋಚಿಸಿ, "ಆಗಲಿ" ಎನ್ನಲು ಮತ್ತೆ ಹತ್ತುವಷ್ಟರಲ್ಲಿ ಬೆಲೆ ಏಳನೆಯ ಮಹಡಿಯಲ್ಲಿರುತ್ತಿತ್ತು. ಒಂದು ಮನೆಯಂತೂ ಎಷ್ಟು ಚಿಕ್ಕದಿತ್ತೆಂದರೆ ದಲ್ಲಾಳಿ ಹೊರಗೆ ಬಂದರೆ ಮಾತ್ರ ಇವರು ಒಳಗೆ ಹೋಗಬಹುದಿತ್ತು. ಆಕಳಿಕೆ ಬಂದರೆ ಕಿಟಕಿ ತೆರೆಯಬೇಕಿತ್ತು. ಬೆಲೆ ಕೇಳಿದ ಮೇಲೆ ಆಕಳಿಸಲು ಬಾಯಿ ಬೇರೆ ತೆರೆಯಬೇಕಾಗಿರಲಿಲ್ಲ.

ಮೇಸ್ತ್ರಿ ತನ್ನ ಮಾತಿನಂತೆ ಯಾರಿಂದಲೂ ಮೋಸ ಹೋಗಲಿಲ್ಲ. ಬಾಗಿಲನ್ನು ಒಮ್ಮೆ ತೆಗೆದು, ಒಮ್ಮೆ ಹಾಕಿ, ಮನೆಯ ಹಣೆಬರಹ ಹೇಳುತ್ತಿದ್ದ. "ಗೋಡೆ ಕುಸೀತಿದೆ, ಬೇಡ." "ಚೌಕಟ್ಟು ಹಸಿ ಮರದ್ದು, ಬೇಡ." ಹೀಗೆ ನಾಲ್ಕು ವಾರದಲ್ಲಿ ಇಪ್ಪತ್ತಾರು ಮನೆಗಳಿಂದ ಪಾರಾದ.

"ಇಷ್ಟು ಹುಷಾರಾಗಿದ್ರೆ ನಾವು ಬೀದೀಲೇ ಕ್ಷೇಮವಾಗಿರ್ತೀವಿ" ಎಂದಳು ಹೆಂಡತಿ.

ಇಪ್ಪತ್ತೇಳನೆಯದು ಟೀಚರಮ್ಮನ ಮನೆ. ನಿವೃತ್ತರಾದ ಭೂಗೋಳದ ಟೀಚರ್. ಮದುವೆ ಗಿದುವೆ ಮಾಡಿಕೊಳ್ಳದೆ ಸ್ವಂತ ಸಂಬಳದಲ್ಲಿ ಕೊಂಡ ಮನೆ. ಗಲ್ಲಿಯ ಕೊನೆಯಲ್ಲಿ ಎರಡು ಕೋಣೆ, ಅಡುಗೆಮನೆ, ಹಿಂದೆ ಬಟ್ಟೆ ಒಣಗಿಸುವಷ್ಟು ಅಂಗಳ. ಮುಂಬಾಗಿಲು ಉಬ್ಬಿ ಕೂತಿತ್ತು. ದಲ್ಲಾಳಿ ಭುಜ ಕೊಟ್ಟು ನೂಕಿದಾಗ ಮೂವರೂ ಒಟ್ಟಿಗೇ ಒಳಗೆ ಬಿದ್ದರು.

"ಎಲ್ಲರೂ ಹೀಗೇ ಬರೋದು, ಏಳಿ" ಎಂದರು ಟೀಚರಮ್ಮ. "ಈ ಮನೆ ನನ್ನ ಮಾತು ಕೇಳೋದು ಬಿಟ್ಟಿದೆ ನೋಡಿ. ಅರವತ್ತು ಮಕ್ಕಳನ್ನ ಒಂದು ನೋಟದಲ್ಲಿ ಕೂರಿಸ್ತಿದ್ದೆ. ಈ ಬಾಗಿಲುಗಳು ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ಹೋದ ತಿಂಗಳು ಬಚ್ಚಲಲ್ಲಿ ಸಿಕ್ಕಿಹಾಕ್ಕೊಂಡು ಮೂರು ಗಂಟೆ ಕೂತಿದ್ದೆ. ಪ್ರಪಂಚದ ರಾಜಧಾನಿಗಳನ್ನೆಲ್ಲ ಎರಡು ಸಲ ಹೇಳಿ ಮುಗಿಸಿದ ಮೇಲೆ ಹಾಲಿನವನು ಬಂದ." ಹೇಳುತ್ತ ನಕ್ಕರು. "ತಂಗಿ ಕರೀತಿದ್ದಾಳೆ. ಅವಳ ಮನೇಲಿ ಒಂದು ಮಂಚ ಹಾಕೋವಷ್ಟು ಜಾಗ ಇದೆಯಂತೆ. ಹೋಗಿಬಿಡ್ತೀನಿ."

ಮೇಸ್ತ್ರಿ ಮನೆಯನ್ನೆಲ್ಲ ಕುಟ್ಟಿ, ತಟ್ಟಿ, ಮೂಸಿ ಬಂದ. ಗೋಡೆ ಗಟ್ಟಿ. ನೆಲ ಗಟ್ಟಿ. ರೋಗವೆಲ್ಲ ಮರದ್ದು. ಹೆಂಡತಿಯನ್ನು ಅಂಗಳಕ್ಕೆ ಕರೆದು, "ಮನೆಗೆ ನೆಗಡಿ ಆಗಿದೆ ಅಷ್ಟೇ ಕಣೇ. ಇವರು ಹೆಣದ ಬೆಲೆಗೆ ಮಾರ್ತಿದ್ದಾರೆ!" ಎಂದು ಪಿಸುಗುಟ್ಟಿದ. ಆದರೆ ಹೇಳದೆ ಕೊಳ್ಳುವ ಜಾತಿಯಲ್ಲ ಅವನದು. ಒಳಗೆ ಹೋಗಿ, "ಇದೆಲ್ಲ ರಿಪೇರಿ ಆಗುತ್ತೆ ಟೀಚರಮ್ಮ. ಮಾಡಿಸಿ ಮಾರಿದ್ರೆ ನಿಮಗೆ ಹೆಚ್ಚು ಸಿಗುತ್ತೆ" ಎಂದೇಬಿಟ್ಟ.

"ಸಣ್ಣ ಕೆಲಸಕ್ಕೆ ಯಾರು ಬರ್ತಾರಪ್ಪ? ನಾಲ್ಕು ವರ್ಷದಿಂದ ಕರೀತಿದ್ದೀನಿ. ಎಲ್ಲರೂ ನಾಳೆ ಬರೋರೇ. ನನಗೆ ಸಾಕಾಗಿದೆ. ನಿಮಗೆ ಆಗೋ ಬೆಲೆಗೆ ತಗೊಳ್ಳಿ."

ಮಾತಾಯಿತು. ಒಂದಿಷ್ಟು ಮುಂಗಡ ಕೊಟ್ಟದ್ದೂ ಆಯಿತು. ಕಚೇರಿಯಿಂದ ಯಾವುದೋ ಹಳೆಯ ಕಾಗದ ಬರಬೇಕು, ಎರಡು ತಿಂಗಳು, ಆಮೇಲೆ ನೋಂದಣಿ. ಮಗಳು ಓದಲು ಒಂದು ಮೂಲೆ ಗೊತ್ತು ಮಾಡಿಕೊಂಡಳು. ಹೆಂಡತಿ ಮುಂದಿನ ಕೋಣೆಯ ಗೋಡೆಯೆದುರು ನಿಂತು, ಕನ್ನಡಿಗೆಂದು ತನ್ನ ಮುಖದ ಎತ್ತರಕ್ಕೆ ಬೆರಳಿಟ್ಟು, ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದಳು.

ಮುಂದಿನ ಭಾನುವಾರ ಮೇಸ್ತ್ರಿ ಅಳತೆ ತೆಗೆದುಕೊಳ್ಳಲು ಹೋದ. ವಾರವಿಡೀ ಅವನಿಗೆ ಆ ಬಚ್ಚಲಿನ ಬಾಗಿಲೇ ಕಣ್ಣಿಗೆ ಕಟ್ಟುತ್ತಿತ್ತು. ಟೀಚರಮ್ಮ ಮತ್ತೆ ಸಿಕ್ಕಿಬಿದ್ದರೆ? ಈ ಸಲ ರಾಜಧಾನಿಗಳು ಸಾಲದೆ ನದಿಗಳನ್ನೂ ಹೇಳಬೇಕಾಗಿ ಬಂದರೆ? ಅವರು ಚಹಾ ಸೋಸುವಷ್ಟರಲ್ಲಿ ಬಾಗಿಲನ್ನು ಕಳಚಿ, ಕೀಸಿ, ಮತ್ತೆ ಕೂಡಿಸಿದ. ಒಂದು ಬೆರಳು ತಾಗಿಸಿದರೆ ಬೆಕ್ಕಿನ ಹೆಜ್ಜೆಯಂತೆ ಮುಚ್ಚಿಕೊಂಡಿತು.

"ಸಹಿ ಆಗೋದ್ರೊಳಗೆ ಯಾಕ್ರೀ ಕೈ ಹಾಕಿದ್ರಿ?" ಎಂದಳು ಹೆಂಡತಿ, ಸಂಜೆ ಅವನು ಮನೆಗೆ ಬಂದು ಹೇಳಿದಾಗ.

"ನಾಳೆ ನಮ್ಮದಾಗೋದು ತಾನೇ? ಇವತ್ತು ಮಾಡಿದ್ರೇನು, ನಾಳೆ ಮಾಡಿದ್ರೇನು?"

ಎರಡನೆಯ ಭಾನುವಾರ ಕಿಟಕಿಗಳು. ಮೂರನೆಯದಕ್ಕೆ ಮುಂಬಾಗಿಲು. ನಾಲ್ಕನೆಯ ವಾರ ಬೈಯಲೆಂದೇ ಜೊತೆಗೆ ಬಂದ ಹೆಂಡತಿ ಪರದೆಗಳನ್ನು ನೋಡಿ ತಡೆಯಲಾರದೆ ಹೋದಳು. ಎಲ್ಲವನ್ನೂ ಇಳಿಸಿ, ಗಂಟು ಕಟ್ಟಿ ಒಯ್ದು, ಒಗೆದು, ಇಸ್ತ್ರಿ ಹೊಡೆದು ತಂದು ಹಾಕಿದಳು. ಅಲ್ಲಿಯವರೆಗೆ ಬೂದಿ ಬಣ್ಣವೆಂದುಕೊಂಡದ್ದು ನಿಜದಲ್ಲಿ ನೀಲಿ ಎಂಬುದು ಟೀಚರಮ್ಮನಿಗೇ ಮರೆತುಹೋಗಿತ್ತು. ಏಳನೆಯ ಭಾನುವಾರದ ಹೊತ್ತಿಗೆ ಆ ಮನೆ ಹೊಸ ಮದುಮಗಳಂತೆ ಕೂತಿತ್ತು. ದಾರಿಯಲ್ಲಿ ಹೋಗುವ ನಾಯಿಗಳೂ ಕಾಲು ಒರೆಸಿಕೊಂಡು ಒಳಗೆ ಇಣುಕುತ್ತಿದ್ದವು.

ಎಂಟನೆಯ ಭಾನುವಾರ ಕಾಗದ ಬಂದಿದೆ ಎಂದು ಟೀಚರಮ್ಮನೇ ಹೇಳಿಕಳಿಸಿದರು. ಮೂವರೂ ಹೋದರು. ಟೀಚರಮ್ಮ ಚಹಾ ತಂದಿಟ್ಟರು, ಲೋಟಕ್ಕೆ ಬಗ್ಗಿಸಲು ಮರೆತರು.

"ಮೇಸ್ತ್ರಿ, ಹೇಳಬಾರದ ಮಾತು ಒಂದು ಹೇಳ್ತೀನಿ" ಎಂದರು. "ಮೊನ್ನೆ ಜೋರು ಗಾಳಿ ಬಂತಲ್ಲ, ನನ್ನ ಕಿಟಕಿ ಒಂದೂ ಸದ್ದು ಮಾಡಲಿಲ್ಲ. ಬೆಳಗಾಗೋ ತನಕ ಮಲಗಿದ್ದೆ. ಹಾಗೆ ಮಲಗಿ ನಾಲ್ಕು ವರ್ಷ ಆಗಿತ್ತು. ಎದ್ದು ಬಾಗಿಲನ್ನ ಒಂದು ಬೆರಳಲ್ಲಿ ತೆಗೆದೆ, ಅಲ್ಲೇ ನಿಂತ್ಕೊಂಡು ಅತ್ತುಬಿಟ್ಟೆ. ನನಗೆ ಈ ಮನೆ ಬಿಡೋ ಮನಸ್ಸಿಲ್ಲ." ಅವರು ತಲೆ ಎತ್ತಿದರು. "ಆದ್ರೆ ಮಾತು ಕೊಟ್ಟಿದ್ದೀನಿ. ನೀವು ಹೂಂ ಅಂದ್ರೆ ನಾಳೆ ಬೆಳಗ್ಗೆ ಬಂದು ಸಹಿ ಹಾಕ್ತೀನಿ, ಒಂದು ಮಾತೂ ಆಡಲ್ಲ. ನೀವೇ ಹೇಳಿ."

ಮೇಸ್ತ್ರಿ ಬಾಯಿ ತೆರೆದ. ಮಳೆಗಾಲದ ಬಾಗಿಲಿನಂತೆ ಮಾತು ಅಲ್ಲೇ ಉಬ್ಬಿ ಸಿಕ್ಕಿಕೊಂಡಿತು. ಹೂಂ ಎಂದರೆ ಮನೆ. ಊಹೂಂ ಎಂದರೆ ಇನ್ನು ಎರಡೂವರೆ ತಿಂಗಳಲ್ಲಿ ಬೀದಿ. ಮಗಳು ತಾನು ಗೊತ್ತು ಮಾಡಿಕೊಂಡ ಮೂಲೆಯ ಕಡೆ ನೋಡದೆ ಕಾಲಿನ ಉಗುರು ನೋಡುತ್ತಿದ್ದಳು. ಮೇಸ್ತ್ರಿ ಹೆಂಡತಿಯ ಕಡೆ ನೋಡಿದ. ಅವಳು ಪರದೆಯ ಕಡೆ ನೋಡುತ್ತಿದ್ದಳು.

"ಈ ಬಟ್ಟೆಗೆ ಬೇಗ ಧೂಳು ಹಿಡಿಯುತ್ತೆ ಟೀಚರಮ್ಮ" ಎಂದಳು ಅವಳು. "ತಿಂಗಳಿಗೊಂದು ಸಲ ಒಗೀಬೇಕು. ನಾನೇ ಬಂದು ತಗೊಂಡು ಹೋಗ್ತೀನಿ. ನೀವು ಕುರ್ಚಿ ಹತ್ತಿ ಇಳಿಸೋಕೆ ಹೋಗ್ಬೇಡಿ."

ಮುಂಗಡ ವಾಪಸ್ಸು ಬಂತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಎನ್ನುವುದು ಎಲ್ಲರ ಕಥೆ. ಇವನದು ಬಾಯಿಗೆ ಬಂದದ್ದನ್ನು ಕೈಯೇ ಕಿತ್ತುಕೊಂಡ ಕಥೆ.

"ತಪ್ಪಾಯ್ತು ಕಣೇ" ಎಂದ ಮೇಸ್ತ್ರಿ, ಬಸ್ ಸ್ಟಾಪಿನಲ್ಲಿ.

"ಅರ್ಧ ನಿಮ್ಮದು. ಪರದೆ ನಾನು ಮಾಡಿದ್ದು." ಅವಳು ಬಸ್ಸು ಬರುವ ಕಡೆಗೇ ನೋಡುತ್ತ ಕಣ್ಣೊರೆಸಿಕೊಂಡಳು. "ಅವರು ಚೆನ್ನಾಗಿ ನಿದ್ದೆ ಮಾಡಲಿ ಬಿಡಿ."

"ಅಪ್ಪಾ, ನಿನಗೆ ಟೋಪಿ ಹಾಕೋರು ಯಾರೂ ಇಲ್ಲ ಅಂತಿದ್ದೆ?" ಎಂದಳು ಮಗಳು.

"ಯಾರೂ ಹಾಕ್ಲಿಲ್ವಲ್ಲ ಮಗಳೇ. ನಾನೇ ಹೊಲಿದು ನಾನೇ ಹಾಕ್ಕೊಂಡೆ."

ಟೀಚರಮ್ಮ ಸುಮ್ಮನೆ ಕೂರಲಿಲ್ಲ. "ನಿಮಗೆ ಮನೆ ಹುಡುಕೋದು ಇನ್ನು ನನ್ನ ಹೋಂವರ್ಕ್" ಎಂದು ಊರಿನ ನಕಾಶೆ ಬಿಡಿಸಿ, ಕೆಂಪು ಪೆನ್ನು ಹಿಡಿದು, ಮಾಜಿ ವಿದ್ಯಾರ್ಥಿಗಳಿಗೆಲ್ಲ ಫೋನು ಮಾಡಿದರು. ಬೋಳುತಲೆಯ ಅಧಿಕಾರಿಗಳೂ ಅವರ ದನಿ ಕೇಳಿ ಕುರ್ಚಿಯಿಂದ ಎದ್ದು ನಿಂತು ಉತ್ತರ ಹೇಳಿದರಂತೆ. ಇಪ್ಪತ್ತು ದಿನದಲ್ಲಿ ಒಂದು ಮನೆ ಸಿಕ್ಕಿತು. ಹಳೆಯ ಕಟ್ಟಡ, ಮೂರನೆಯ ಮಹಡಿ, ಟೀಚರಮ್ಮನದಕ್ಕಿಂತ ಚಿಕ್ಕದು. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ನಮಸ್ಕಾರ ಹೇಳುವಷ್ಟು ಹತ್ತಿರ. ಮಾರುವವನು ಗಡಿಯಾರ ರಿಪೇರಿಯವನು. ಮುಂಬಾಗಿಲು ನೆಲಕ್ಕೆ ಉಜ್ಜಿ ಕರ್ರೋ ಎನ್ನುತ್ತಿತ್ತು. ಬಂದವರೆಲ್ಲ ಕಟ್ಟಡವೇ ಕುಸಿದಿದೆಯೆಂದು ಹೆದರಿ ಓಡಿಹೋಗಿದ್ದರಿಂದ ಬೆಲೆ ಇವರ ಎಟುಕಿಗೆ ಇಳಿದಿತ್ತು.

ಹೋಗುವ ಮೊದಲೇ ಹೆಂಡತಿ ಗಂಡನ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಅಡುಗೆಮನೆಯ ಡಬ್ಬಿಯಲ್ಲಿಟ್ಟಳು. "ಬಾಯಿ ಎಷ್ಟು ಬೇಕಾದ್ರೂ ಆಡಿಸಿ. ಕೈ ಆಡಿಸಿದ್ರೆ ನಾನು ಅಲ್ಲೇ ಕೂತು ಅಳ್ತೀನಿ" ಎಂದಳು. ನಂಬಿಕೆ ಸಾಲದೆ, ಮೆಟ್ಟಿಲು ಹತ್ತುವಾಗ ಅವನ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಬಾಗಿಲು ಕರ್ರೋ ಎಂದಿತು. ಮೇಸ್ತ್ರಿಗೆ ನೋಡಿದೊಡನೆ ತಿಳಿಯಿತು: ಮೇಲಿನ ಕೀಲಿನ ಎರಡು ಸ್ಕ್ರೂ ಸಡಿಲ. ಎರಡು ನಿಮಿಷದ ಕೆಲಸ. ಅವನ ಬೆರಳುಗಳು ಹೆಂಡತಿಯ ಅಂಗೈಯಲ್ಲಿ ಹಿಡಿದ ಮೀನಿನಂತೆ ಒದ್ದಾಡಿದವು. ಅವಳು ಇನ್ನಷ್ಟು ಬಿಗಿದಳು.

"ಬಾಗಿಲಿಗೆ ಏನೂ ಆಗಿಲ್ಲ ಸ್ವಾಮಿ, ಎರಡು ಸ್ಕ್ರೂ ಅಷ್ಟೇ" ಎಂದು ಅವನು ಬಾಯಿಬಿಟ್ಟೇ ಹೇಳಿದ.

ಗಡಿಯಾರದವನು ನಕ್ಕ. "ಮೊದಲು ಎಲ್ಲರೂ ಎರಡು ಸ್ಕ್ರೂ ಅಂತಾರೆ, ಕೈ ಹಾಕಿದ್ಮೇಲೆ ಬಾಗಿಲೇ ಹೊಸದು ಬೇಕು ಅಂತಾರೆ. ನನಗೆ ಗೊತ್ತಿಲ್ವಾ? ನಾನೂ ಗಡಿಯಾರ ತಂದೋರಿಗೆ ಹಾಗೇ ಹೇಳೋದು!" ಆಮೇಲೆ ಇಬ್ಬರ ಕೈಗಳನ್ನೂ ನೋಡಿ, "ಹೊಸದಾಗಿ ಮದುವೆ ಆಗಿದೆಯಾ?" ಎಂದ.

"ಇಪ್ಪತ್ತೆರಡು ವರ್ಷ ಆಯ್ತು" ಎಂದಳು ಹೆಂಡತಿ, ಕೆಂಪಾಗಿ. ಆದರೂ ಕೈ ಬಿಡಲಿಲ್ಲ.

"ಅಬ್ಬಾ! ನನ್ನ ಹೆಂಡತಿ ರಸ್ತೆ ದಾಟೋವಾಗ್ಲೂ ಹಿಡಿಯಲ್ಲ."

ಹೀಗೆ ಐದು ಸಲ ಆ ಮನೆಗೆ ಹೋದರು, ಐದು ಸಲವೂ ಕೈ ಹಿಡಿದೇ ಹೋದರು. ಊರಿನ ಮರಗಳ ನಯವೆಲ್ಲ ಬೆರಳಿನಲ್ಲೇ ಬಲ್ಲ ಮೇಸ್ತ್ರಿಗೆ ಹೆಂಡತಿಯ ಅಂಗೈಯಲ್ಲಿ, ಹೆಬ್ಬೆರಳಿನ ಬುಡಕ್ಕೆ, ಇಸ್ತ್ರಿ ತಾಗಿದ ಹಳೆಯ ಗುರುತೊಂದು ಇದೆಯೆಂದು ಗೊತ್ತಿರಲಿಲ್ಲ. ಎರಡನೆಯ ಸಲ ಅದು ಬೆರಳಿಗೆ ಸಿಕ್ಕಿತು. ಯಾವಾಗ ಸುಟ್ಟಿತು ಎಂದು ಕೇಳಿದ. "ಮಗಳು ಹುಟ್ಟೋಕೆ ಮುಂಚೆ" ಎಂದಳು. ಮೂರನೆಯ ಸಲ ಅವನ ಬೆರಳೇ ಅದನ್ನು ಹುಡುಕಿಕೊಂಡು ಹೋಯಿತು. ಐದನೆಯ ಸಲಕ್ಕೆ ಬಾಗಿಲಿನ ಕರ್ರೋ ಸದ್ದು ಅವನ ಕಿವಿಗೆ ಅಷ್ಟೇನೂ ಕೆಟ್ಟದಾಗಿ ಕೇಳಲಿಲ್ಲ.

ನೋಂದಣಿಯ ದಿನ ಟೀಚರಮ್ಮ ಕಾಗದಗಳನ್ನು ಮೂರು ಸಲ ಓದಿ, ಎರಡು ಕಾಗುಣಿತದ ತಪ್ಪು ತಿದ್ದಿಸಿ, ಆಮೇಲೆ ಸಹಿಗೆ ಬಿಟ್ಟರು. ಕಚೇರಿಯ ಮೇಜು ಕುಂಟುತ್ತಿತ್ತು. ಸಹಿ ಹಾಕಲೆಂದು ಹೆಂಡತಿ ಕೈ ಬಿಟ್ಟದ್ದೇ ತಡ, ಮೇಸ್ತ್ರಿ ಬಗ್ಗಿ ಮೇಜಿನ ಕಾಲಡಿಗೆ ಒಂದು ಕಾಗದ ಮಡಿಸಿ ತುರುಕಿದ್ದ. ಅದು ಮನೆಯ ಪತ್ರವಲ್ಲ ತಾನೇ ಎಂದು ಹೆಂಡತಿ, ಟೀಚರಮ್ಮ, ಗಡಿಯಾರದವನು ಮೂವರೂ ಬಗ್ಗಿ ನೋಡಿದರು. ಅಲ್ಲ, ಬಸ್ಸಿನ ಟಿಕೇಟು.

ಮನೆ ಅವರದಾಯಿತು. ಮೊದಲ ಸಂಜೆ ಗಂಟುಗಳ ನಡುವೆ ಕುಳಿತು ಹೆಂಡತಿ ಸಾಮಾನು ಕಟ್ಟಿದ್ದ ಹಗ್ಗಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ಸುತ್ತಿ, ಕೆಳಗಿನ ಹಳೆಯ ಸಾಮಾನಿನವನಿಗೆ ಕೊಟ್ಟು ಬಂದಳು.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಟೀಚರಮ್ಮ ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದರು. ಬಾಗಿಲು ಕರ್ರೋ ಎಂದು ಅರ್ಧಕ್ಕೇ ನಿಂತಿತು. ಅವರು ಅಡ್ಡಡ್ಡ ತಿರುಗಿ ಒಳಗೆ ನುಸುಳಬೇಕಾಯಿತು. ಒಳಗೆ ಗಂಡ ಹೆಂಡತಿ ಕಿಟಕಿಯ ಬಳಿ ಕುಳಿತು ಚಹಾ ಕುಡಿಯುತ್ತಿದ್ದರು. ಸದ್ದು ಕೇಳಿದೊಡನೆ ಮೇಸ್ತ್ರಿಯ ಬಲಗೈ ತಟ್ಟನೆ ಎದ್ದಿತು. ಹೆಂಡತಿಯ ಎಡಗೈ ಅಷ್ಟೇ ತಟ್ಟನೆ ಅದನ್ನು ಹಿಡಿದು ತೊಡೆಯ ಮೇಲಿಟ್ಟುಕೊಂಡಿತು. ರೂಢಿ. ಅವಳು ಆ ಕಡೆ ನೋಡಲೂ ಇಲ್ಲ.

"ಏನ್ರೀ ಮೇಸ್ತ್ರಿ ಇದು!" ಟೀಚರಮ್ಮ ತರಗತಿಯ ದನಿ ತೆಗೆದರು. "ಸಹಿ ಆಗಿ ತಿಂಗಳಾಯ್ತು. ಕಾಗದ ನಾನೇ ಓದಿದ್ದೀನಿ, ಇನ್ನು ಯಾರಪ್ಪನೂ ಈ ಮನೆ ಕಿತ್ಕೊಳ್ಳೋಕೆ ಆಗಲ್ಲ. ಊರವರ ಬಾಗಿಲೆಲ್ಲ ಒಂದು ಬೆರಳಲ್ಲಿ ಮುಚ್ಚುತ್ತೆ, ನಿಮ್ಮದನ್ನ ಒದ್ದು ತೆಗೀಬೇಕಾ? ಎರಡು ನಿಮಿಷದ ಕೆಲಸ ಅಂದ್ರಲ್ಲ, ಮಾಡೋಕೆ ಏನು ಕಷ್ಟ?"

ಮೇಸ್ತ್ರಿ ಎದ್ದೇಳಲಿಲ್ಲ. ಉಳಿದ ಚಹಾವನ್ನು ಎಡಗೈಯಲ್ಲೇ ಎತ್ತಿ ನಿಧಾನವಾಗಿ ಕುಡಿದ.

"ಕಷ್ಟ ಏನಿಲ್ಲ ಟೀಚರಮ್ಮ. ಬಾಗಿಲು ಸರಿಹೋದ ದಿನ ಇವಳು ನನ್ನ ಕೈ ಬಿಟ್ಟುಬಿಡ್ತಾಳಲ್ಲ!"